ಕಣ್ಣಿಗೊಂದು ಕಿಟಕಿ, ಬದುಕಿಡೀ ಹನಿ ಮದ್ದು

ಹೂಗಣ್ಣು ಎಂಬ ಮಾತು ಈಗ ಪೇಟೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಹಳ್ಳಿಯಲ್ಲಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಕರಿಗುಡ್ಡೆಯ ಮೇಲೆ ಮಲ್ಲಿಗೆಯ ಎಸಳೊಂದು ಬಿದ್ದು ಅಲ್ಲೇ ಅಂಟಿಕೊಂಡಂತೆ ಕಾಣುವ ಬಿಳಿ ಕಲೆ ಅದು. ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಮಗಳ ಹೆಗಲು ಹಿಡಿದು ಬಂದು, ಜಗುಲಿಯ ಮೇಲೆ ಕೂತು, ಅವರೆಕಾಯಿ ಸುಲಿದುಕೊಡುತ್ತಿದ್ದ ಹೆಂಗಸೊಬ್ಬರಿದ್ದರು. ಎರಡು ಕಣ್ಣಲ್ಲೂ ಹೂ ಬಿದ್ದಿತ್ತು. ಒಂದು, ಭತ್ತ ತೂರುವಾಗ ಹೊಟ್ಟು ಸಿಡಿದು ಹೋದದ್ದು. ಇನ್ನೊಂದು, ಕೆಲವು ವರ್ಷಗಳ ಮೇಲೆ ಹುಣ್ಣಾಗಿ ಹೋದದ್ದು. ಎದೆಹಾಲು ಬಿಡು ಎಂದು ಒಬ್ಬರು, ನಂದಿಬಟ್ಟಲ ಹೂವಿನ ರಸ ಹಿಂಡು ಎಂದು ಇನ್ನೊಬ್ಬರು. ಆಸ್ಪತ್ರೆ ಕಾಣುವ ಹೊತ್ತಿಗೆ ತಡವಾಗಿತ್ತು. ಕೂಲಿ ಕೊಟ್ಟಾಗ ನೋಟನ್ನು ಬೆರಳಲ್ಲಿ ಸವರಿ, ಅಳತೆಯ ಮೇಲೆ ಹತ್ತೋ ಇಪ್ಪತ್ತೋ ಎಂದು ಗುರುತು ಹಿಡಿಯುತ್ತಿದ್ದರು. ಅವರಿಗೆ ಯಾರೂ ಹೇಳದೆ ಉಳಿದ ಸಂಗತಿ ಒಂದಿದೆ. ಆ ಹೂವಿನ ಹಿಂದಿದ್ದ ಕಣ್ಣು ಗಟ್ಟಿಮುಟ್ಟಾಗಿಯೇ ಇದ್ದಿರಬಹುದು. ಹಾಳಾಗಿದ್ದು ಕಿಟಕಿಯ ಗಾಜು, ಮನೆಯಲ್ಲ.

ಆ ಗಾಜಿಗೆ ಕಾರ್ನಿಯಾ ಎಂದು ಹೆಸರು. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ, 11ರಿಂದ 12 ಮಿಲಿಮೀಟರ್ ಅಗಲ. ಕಣ್ಣಿನೊಳಗೆ ಬರುವ ಬೆಳಕನ್ನು ಬಾಗಿಸಿ ಒಂದೆಡೆ ಸೇರಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದ್ದೇ. ದೇಹದಲ್ಲಿ ಬಹುತೇಕ ಎಲ್ಲೆಡೆ ರಕ್ತನಾಳಗಳಿವೆ, ಇಲ್ಲಿ ಇಲ್ಲ. ಇದ್ದಿದ್ದರೆ ನಾವು ಕೆಂಪು ಬಲೆಯೊಂದರ ಮೂಲಕ ಲೋಕವನ್ನು ನೋಡಬೇಕಾಗುತ್ತಿತ್ತು. ಕಾರ್ನಿಯಾ ಗಾಳಿಯಲ್ಲಿರುವ ಆಮ್ಲಜನಕವನ್ನು ಕಣ್ಣೀರಿನ ಮೂಲಕ ಹೀರಿಕೊಳ್ಳುತ್ತದೆ, ಆಹಾರವನ್ನು ಒಳಗಿನ ದ್ರವದಿಂದ ಪಡೆಯುತ್ತದೆ. ಇದನ್ನೂ ಕಣ್ಣಿನ ಪೊರೆಯನ್ನೂ ಒಂದೇ ಎಂದುಕೊಳ್ಳುವವರು ಬಹಳ. ಪೊರೆ ಬರುವುದು ಒಳಗಿನ ಮಸೂರಕ್ಕೆ. ಅದಕ್ಕೆ ಇವತ್ತು ಹದಿನೈದು ಇಪ್ಪತ್ತು ನಿಮಿಷದ ಶಸ್ತ್ರಚಿಕಿತ್ಸೆ ಸಾಕು. ಕಾರ್ನಿಯಾದ ಕಥೆ ಅಷ್ಟು ಸುಲಭದ್ದಲ್ಲ.

ಇದು ಮುದುಕರ ಕಾಯಿಲೆಯೂ ಅಲ್ಲ. ನಮ್ಮ ದೇಶದಲ್ಲಿ 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ, 50 ವರ್ಷದೊಳಗಿನವರ ಕುರುಡಿಗೆ ಮೊದಲ ಕಾರಣವಾಗಿ ಕಂಡದ್ದು ಕಾರ್ನಿಯಾದ ಕಲೆಯೇ: ಶೇ. 37.5. ದುಡಿಯುವ ವಯಸ್ಸಿನಲ್ಲಿ, ಓದುವ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡವರು ಇವರು. ಹೊಲದಲ್ಲಿ ಕಬ್ಬಿನ ಗರಿಯೋ ಭತ್ತದ ಎಲೆಯೋ ಗೀರಿ, ಆ ಗೀರಿನೊಳಗೆ ಮಣ್ಣಿನ ಶಿಲೀಂಧ್ರ ಬೇರು ಬಿಟ್ಟರೆ ಹುಣ್ಣಾಗಲು ಹೆಚ್ಚು ದಿನ ಬೇಕಿಲ್ಲ. ಮಕ್ಕಳಲ್ಲಿ ಎ ಜೀವಸತ್ವದ ಕೊರತೆ. ಯಾವುದೋ ಮಾತ್ರೆ ಒಗ್ಗದೆ ಮೈಯೆಲ್ಲ ಬೊಬ್ಬೆ ಎದ್ದು, ಕಣ್ಣಿನ ಪಸೆಯನ್ನೇ ಆರಿಸಿಬಿಡುವ ಸ್ಟೀವನ್ಸ್ ಜಾನ್ಸನ್ ಎಂಬ ಕಾಯಿಲೆ. ಆ್ಯಸಿಡ್ ದಾಳಿಗೆ ಸಿಕ್ಕ ಹೆಣ್ಣುಮಕ್ಕಳು.

ಮತ್ತೆ ಸುಣ್ಣ. ಇದರ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು, ಏಕೆಂದರೆ ಇದು ನಮ್ಮ ಮನೆಯೊಳಗೇ ಇದೆ. ಎಲೆಯಡಿಕೆಯ ತಟ್ಟೆಯ ಪಕ್ಕ ಪುಟ್ಟ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಸುಣ್ಣ ಇರುತ್ತದೆ. ಮೂರು ನಾಲ್ಕು ವರ್ಷದ ಮಗುವಿನ ಕೈಗೆ ಅದು ಸಿಕ್ಕಿದರೆ ಬಲೂನಿನಂತೆ ಅದುಮುತ್ತದೆ, ಕಚ್ಚುತ್ತದೆ. ಪೊಟ್ಟಣ ಒಡೆದು ಚಿಮ್ಮುವುದು ನೇರ ಕಣ್ಣಿಗೇ. ಆ್ಯಸಿಡ್ ಬಿದ್ದರೆ ಕಣ್ಣಿನ ಮೇಲ್ಪದರ ಹೆಪ್ಪುಗಟ್ಟಿ ಎಷ್ಟೋ ಸಲ ಅದೇ ಒಂದು ತಡೆಯಾಗುತ್ತದೆ. ಸುಣ್ಣದಂಥ ಕ್ಷಾರ ಮೇಲ್ಪದರದ ಜಿಡ್ಡನ್ನು ಸಾಬೂನಿನಂತೆ ಕರಗಿಸುತ್ತ ಒಳಗೊಳಗೆ ಇಳಿಯುತ್ತ ಹೋಗುತ್ತದೆ. ಆ ಗಳಿಗೆಯಲ್ಲಿ ಅಮ್ಮಂದಿರು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಓಡುವ ಮೊದಲು ನಲ್ಲಿಯ ಕೆಳಗೋ ಚೊಂಬಿನ ನೀರಲ್ಲೋ ಕಣ್ಣನ್ನು ಎಡೆಬಿಡದೆ ಅರ್ಧ ಗಂಟೆ ತೊಳೆಯಬೇಕು. ಎಂಥ ದೊಡ್ಡ ಡಾಕ್ಟರೂ ಆಮೇಲೆ ಮಾಡಲಾಗದ ಉಪಕಾರವನ್ನು ಆ ನೀರು ಮಾಡುತ್ತದೆ.

ಕಾರ್ನಿಯಾ ಕಸಿಯ ಚರಿತ್ರೆ ಶುರುವಾಗುವುದೂ ಸುಣ್ಣದಿಂದಲೇ. ಈಗಿನ ಚೆಕ್ ದೇಶದಲ್ಲಿ ಆಲೊಯಿಸ್ ಗ್ಲೋಗರ್ ಎಂಬ ಕೂಲಿಯಾಳು ಸುಣ್ಣ ಅರಳಿಸುವಾಗ ಎರಡೂ ಕಣ್ಣು ಸುಟ್ಟುಕೊಂಡಿದ್ದ. 1905ರ ಡಿಸೆಂಬರ್ 7ರಂದು ಓಲೊಮೌಟ್ಸ್ ಊರಿನಲ್ಲಿ ಡಾಕ್ಟರ್ ಎಡ್ವರ್ಡ್ ಜಿರ್ಮ್ ಅವನಿಗೆ, ಗಾಯದಿಂದಾಗಿ ಕಣ್ಣು ತೆಗೆಸಬೇಕಾಗಿ ಬಂದ ಹುಡುಗನೊಬ್ಬನ ಕಾರ್ನಿಯಾ ಹಾಕಿದ. ಒಂದು ಕಣ್ಣು ತಿಳಿಯಾಗಿ ಉಳಿಯಿತು, ಗ್ಲೋಗರ್ ಮತ್ತೆ ಕೆಲಸಕ್ಕೆ ಹೋದ. ಮನುಷ್ಯನಿಂದ ಮನುಷ್ಯನಿಗೆ ಮಾಡಿದ ಕಾರ್ನಿಯಾ ಕಸಿ ಗೆದ್ದದ್ದು ಅದೇ ಮೊದಲು.

ಅಂದಿನಿಂದ ಇಂದಿನವರೆಗೆ ಕಾರ್ನಿಯಾ ಕುರುಡಿಗೆ ಮೊದಲ ಮದ್ದು ಇನ್ನೊಬ್ಬರು ದಾನ ಕೊಟ್ಟ ಕಣ್ಣು. ಕನ್ನಡಿಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳ ಮುಂಪದರ ಮತ್ತು ಹಿಂಪದರಗಳನ್ನು ಬೇರೆ ಬೇರೆಯಾಗಿ ಬಿಡಿಸಿ ನಾಲ್ವರಿಗೆ ಹಾಕಿದರು. ಆಮೇಲಿನ ತಿಂಗಳುಗಳಲ್ಲಿ ಕರ್ನಾಟಕದಲ್ಲಿ ನೇತ್ರದಾನಕ್ಕೆ ಹೆಸರು ಬರೆಸಿದವರ ಸಾಲು ಉದ್ದವಾಯಿತು. ಅದು ಅಭಿಮಾನಿಗಳು ತಮ್ಮ ನಟನಿಗೆ ಕಟ್ಟಿದ ಅತ್ಯುತ್ತಮ ಗುಡಿ ಎಂದೇ ನಾನು ತಿಳಿದಿದ್ದೇನೆ.

ಆದರೆ ಲೋಕದ ಲೆಕ್ಕ ಬೇರೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಕಾರ್ನಿಯಾಕ್ಕೆ ಕಾಯುತ್ತಿರುವವರು 1 ಕೋಟಿ 27 ಲಕ್ಷ. 2012ರಲ್ಲಿ 116 ದೇಶಗಳಲ್ಲಿ ನಡೆದ ಕಸಿಗಳು 1,84,576. ಅಂದರೆ 70 ಜನ ಕೈಚಾಚಿದರೆ ಒಬ್ಬರ ಕೈಗೆ ಒಂದು. ಲೋಕದ ಅರ್ಧಕ್ಕಿಂತ ಹೆಚ್ಚು ಜನರ ಊರಿನಲ್ಲಿ ಕಾರ್ನಿಯಾ ಕಸಿ ಎಂಬುದು ಸಿಗುವುದೇ ಇಲ್ಲ. ಆ ಊರುಗಳು ಎಲ್ಲಿವೆ ಎಂದು ಹೇಳಬೇಕಿಲ್ಲ.

ಕಣ್ಣು ಸಿಕ್ಕಿದರೂ ಎಲ್ಲರಿಗೂ ಕಸಿ ಹಿಡಿಯುವುದಿಲ್ಲ ಎನ್ನುವುದು ಇನ್ನೊಂದು ಕಷ್ಟ. ಕರಿಗುಡ್ಡೆಗೂ ಬಿಳಿಗುಡ್ಡೆಗೂ ನಡುವಿನ ಅಂಚಿನಲ್ಲಿ ಕಾಂಡಕೋಶಗಳ ಒಂದು ಬೇಲಿಯಿದೆ. ಕಾರ್ನಿಯಾದ ಮೇಲ್ಪದರವನ್ನು ದಿನವೂ ಹೊಸದಾಗಿ ಕಟ್ಟಿಕೊಡುವುದು, ಬಿಳಿಗುಡ್ಡೆಯ ರಕ್ತನಾಳಗಳು ಒಳಗೆ ನುಗ್ಗದಂತೆ ತಡೆಯುವುದು ಆ ಬೇಲಿ. ಸುಣ್ಣ, ಆ್ಯಸಿಡ್ ಸುಡುವುದು ಇದನ್ನೇ. ಬೇಲಿಯಿಲ್ಲದ ಹೊಲಕ್ಕೆ ಎಷ್ಟು ಸಲ ಸಸಿ ನೆಟ್ಟರೇನು? ಹೊಸ ಕಾರ್ನಿಯಾ ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ. ಎರಡನೆಯ ಸಲ, ಮೂರನೆಯ ಸಲ ಹಾಕಿದರೆ ಉಳಿಯುವ ಸಾಧ್ಯತೆ ಇಳಿಯುತ್ತಲೇ ಹೋಗುತ್ತದೆ. ಇಂಥವರಿಗಾಗಿಯೇ ಮನುಷ್ಯ ಕೃತಕ ಕಾರ್ನಿಯಾದ ಕನಸು ಕಂಡದ್ದು.

ಕನಸು ಹಳೆಯದು. ಫ್ರಾನ್ಸಿನ ಪೆಲ್ಲಿಯೆ ದ ಕೆಂಗ್ಸಿ ಎಂಬ ವೈದ್ಯ 1789ರಲ್ಲೇ, ಹೂ ಬಿದ್ದ ಕಣ್ಣಿನ ನಡುವೆ ಗಾಜಿನ ಬಿಲ್ಲೆ ಕೂರಿಸಬಹುದು ಎಂದು ಬರೆದಿದ್ದ. ಆಮೇಲೆ ಗಾಜು, ಸ್ಫಟಿಕ ಎಲ್ಲವನ್ನೂ ಹಾಕಿ ನೋಡಿದರು. ದೇಹ ಅದನ್ನು ಮುಳ್ಳನ್ನು ಹೊರಹಾಕಿದಂತೆ ಹೊರಹಾಕಿತು. ದಾರಿ ತೋರಿಸಿದ್ದು ಎರಡನೆಯ ಮಹಾಯುದ್ಧ. ಯುದ್ಧವಿಮಾನದ ಅಕ್ರಿಲಿಕ್ ಮುಚ್ಚಳ ಸಿಡಿದು ಅದರ ಚೂರುಗಳು ಪೈಲಟ್‌ಗಳ ಕಣ್ಣು ಹೊಕ್ಕಾಗ, ಅವು ಯಾವ ತಂಟೆಯೂ ಮಾಡದೆ ಸುಮ್ಮನೆ ಕೂತಿದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ವಸ್ತುವಿನಿಂದ ಅವರು 1949ರಲ್ಲಿ ಕಣ್ಣಿನೊಳಗಿನ ಮಸೂರ ಮಾಡಿದರು. ಅದರ ವಂಶಸ್ಥರೇ ಇವತ್ತು ಪೊರೆ ತೆಗೆಸಿಕೊಂಡವರೆಲ್ಲರ ಕಣ್ಣಲ್ಲಿರುವ ಲೆನ್ಸ್. ಕೃತಕ ಕಾರ್ನಿಯಾಕ್ಕೂ ಅದೇ ವಸ್ತು ಒದಗಿತು.

ಅದಕ್ಕೆ ಬದುಕನ್ನೇ ಸವೆಸಿದವರು ಕ್ಲೇಸ್ ಡೋಲ್ಮನ್. 1922ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದ ಬಾಸ್ಟನ್ನಿಗೆ ಹೋಗಿ ನೆಲೆಸಿದ ಈ ವೈದ್ಯರು 1960ರ ದಶಕದಿಂದ ಒಂದೇ ಸಾಧನವನ್ನು ತಿದ್ದುತ್ತ ಬಂದರು. ಬೇರೆಯವರು ಕೈಬಿಟ್ಟಾಗಲೂ ಬಿಡಲಿಲ್ಲ. ಬಾಸ್ಟನ್ ಕೆ-ಪ್ರೊ ಎಂಬ ಅವರ ಕೃತಕ ಕಾರ್ನಿಯಾಕ್ಕೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ, ಅವರು ಎಪ್ಪತ್ತರ ಆಸುಪಾಸಿನಲ್ಲಿದ್ದಾಗ. ತೊಂಬತ್ತು ದಾಟಿದ ಮೇಲೂ ಪ್ರಯೋಗಾಲಯಕ್ಕೆ ಹೋಗುತ್ತಿದ್ದ ಅವರು 2024ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ಸಾಧನ ಲೋಕದಾದ್ಯಂತ 15 ಸಾವಿರಕ್ಕೂ ಹೆಚ್ಚು ಕಣ್ಣುಗಳನ್ನು ಸೇರಿತ್ತು.

ಆ ಸಾಧನವನ್ನು ಹತ್ತಿರದಿಂದ ನೋಡೋಣ. ಜುಬ್ಬಕ್ಕೆ ಹಾಕುವ ಬಿಡಿಗುಂಡಿ ನೋಡಿದ್ದೀರಲ್ಲ, ಮುಂದೊಂದು ಬಿಲ್ಲೆ, ನಡುವೆ ಕಡ್ಡಿ, ಹಿಂದೊಂದು ಬಿಲ್ಲೆ. ಬಟ್ಟೆ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಕೆ-ಪ್ರೊ ಅದೇ ಅಚ್ಚು. ಮುಂದಿನ ಬಿಲ್ಲೆ ಮತ್ತು ಕಡ್ಡಿ ತಿಳಿ ಅಕ್ರಿಲಿಕ್ಕಿನದು, ಅದೇ ನೋಟದ ಕಿಟಕಿ. ಬಟ್ಟೆಯ ಜಾಗದಲ್ಲಿ ದಾನಿಯ ಕಾರ್ನಿಯಾ. ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ, ವೈದ್ಯರು ದಾನಿಯ ಕಾರ್ನಿಯಾದಿಂದ ಒಂದು ಬಿಲ್ಲೆ ಕತ್ತರಿಸುತ್ತಾರೆ. ಅದರ ನಟ್ಟನಡುವೆ 3 ಮಿಲಿಮೀಟರಿನ ತೂತು ಕೊರೆದು ಬಳೆಯಂತೆ ಮಾಡಿ, ಕಡ್ಡಿಗೆ ತೊಡಿಸುತ್ತಾರೆ. ಹಿಂದಿನಿಂದ ತೂತುತೂತಿನ ಬಿಲ್ಲೆ ಬರುತ್ತದೆ. ಆ ತೂತುಗಳ ಮೂಲಕವೇ ಕಣ್ಣಿನ ದ್ರವ ಹರಿದು ಕಾರ್ನಿಯಾದ ಬಳೆಗೆ ಅನ್ನವಾಗುತ್ತದೆ. ಕೊನೆಗೆ ತೆಳ್ಳನೆಯ ಟೈಟಾನಿಯಂ ಉಂಗುರವನ್ನು ಒತ್ತಿದರೆ ಟಿಕ್ ಎಂದು ಕೂರುತ್ತದೆ. ಈಗ ಇಡೀ ಜೋಡಣೆಯನ್ನು ರೋಗಿಯ ಕಣ್ಣಿಗೆ, ಮಾಮೂಲಿ ಕಸಿಯಂತೆಯೇ, ಕಾಣದಷ್ಟು ಸಣ್ಣ ದಾರದಿಂದ ಹೊಲಿಯುತ್ತಾರೆ. ಮೇಲೆ ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹೊದಿಸುತ್ತಾರೆ.

ದಾನಿಯ ಕಾರ್ನಿಯಾ ಮಾತ್ರ ಹಾಕಿದಾಗ ನೋಟ ತಿಳಿಯಾಗಲು ತಿಂಗಳುಗಳು ಬೇಕು. ಇಲ್ಲಿ ಕಿಟಕಿ ಮೊದಲ ದಿನದಿಂದಲೇ ತಿಳಿ. ಒಳಗಿನ ರೆಟಿನಾ, ನರ ನೆಟ್ಟಗಿದ್ದವರಿಗೆ ಮರುದಿನ ಪಟ್ಟಿ ಬಿಚ್ಚಿದಾಗಲೇ ಎದುರಿಗಿರುವವರ ಮುಖ ಕಾಣುವುದುಂಟು. ಹತ್ತು ವರ್ಷ ಕತ್ತಲಲ್ಲಿದ್ದವರಿಗೆ ಮಗಳ ಮುಖ ಕಾಣುವುದೆಂದರೆ ಏನೆಂದು ನಾನು ಬರೆದು ತಿಳಿಸಲಾರೆ.

ಬಾಸ್ಟನ್ನಿನ ಸಾಧನಕ್ಕೆ ಬೆಲೆ ಸಾವಿರಾರು ಡಾಲರ್. ಬಾಂಗ್ಲಾದ ಭತ್ತದ ಗದ್ದೆಯವರಿಗೂ ಬಳ್ಳಾರಿಯ ಕೂಲಿಯವರಿಗೂ ಅದು ಆಕಾಶದ ಹಣ್ಣು. ಅದನ್ನು ಕೈಗೆಟುಕಿಸಿದ್ದು ಮದುರೈ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ 11 ಹಾಸಿಗೆಯ ಅರವಿಂದ ಕಣ್ಣಾಸ್ಪತ್ರೆ ತೆರೆದಾಗ ಅವರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿದ್ದರು; ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿ ಹೋಗಿದ್ದವು. ಆ ಬೆರಳುಗಳಿಂದಲೇ ಅವರು ಒಂದು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದವರು. ಕೊಡಬಲ್ಲವರಿಂದ ಹಣ ತೆಗೆದುಕೊಂಡು ಕೊಡಲಾರದವರಿಗೆ ಬಿಟ್ಟಿ ಚಿಕಿತ್ಸೆ ಮಾಡುವ ಲೆಕ್ಕ ಅವರದು. ಪೊರೆ ತೆಗೆದು ಹಾಕುವ ಲೆನ್ಸನ್ನು ಆಗ ಹೊರದೇಶದಿಂದ ತರಿಸಬೇಕಿತ್ತು, ಬಡವರಿಗೆ ಅದು ಸಿಗುತ್ತಿರಲಿಲ್ಲ. 1992ರಲ್ಲಿ ಆಸ್ಪತ್ರೆಯ ಬಳಗವೇ ಔರೋಲ್ಯಾಬ್ ಎಂಬ ಕಾರ್ಖಾನೆ ತೆರೆದು ಲೆನ್ಸ್ ಮಾಡಲು ಕೂತಿತು. ಬೆಲೆ 10 ಡಾಲರಿನ ಆಸುಪಾಸಿಗೆ ಇಳಿಯಿತು, ಆಮೇಲೆ ಇನ್ನೂ ಇಳಿಯಿತು. ಅದೇ ಕಾರ್ಖಾನೆ ಬಾಸ್ಟನ್ ಸಾಧನದ ವಿನ್ಯಾಸವನ್ನು ಆಧರಿಸಿ ಔರೋ ಕೆ-ಪ್ರೊ ಮಾಡಿತು. ಬೆಲೆ ಬಾಸ್ಟನ್ನಿನದಕ್ಕಿಂತ ಎಷ್ಟೋ ಪಾಲು ಕಡಿಮೆ.

ಅಗ್ಗದ್ದು ಎಂದರೆ ಕಳಪೆ ಎಂಬ ಅನುಮಾನ ನಮ್ಮಲ್ಲಿ ಇದ್ದೇ ಇದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯವರು ಎರಡೂ ಕಣ್ಣು ಕಳೆದುಕೊಂಡಿದ್ದವರ 134 ಪ್ರಕರಣಗಳಲ್ಲಿ ಕೆಲವರಿಗೆ ಬಾಸ್ಟನ್ನಿನದು, ಕೆಲವರಿಗೆ ಮದುರೈಯದು ಹಾಕಿದ್ದನ್ನು 5 ವರ್ಷಗಳ ಅವಧಿಗೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಫಲ ಹೆಚ್ಚುಕಡಿಮೆ ಒಂದೇ. ಈ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಬರಬೇಕಾಗಿತ್ತು. ಅಮೆರಿಕದವರೂ ಆಮೇಲೆ ಖರ್ಚು ತಗ್ಗಿಸಲೆಂದೇ ಲೂಸಿಯಾ ಎಂಬ ಸರಳ ಮಾದರಿ ಮಾಡಿ 2019ರಲ್ಲಿ ಒಪ್ಪಿಗೆ ಪಡೆದರು.

ಹಾಗಾದರೆ ಕೆಲಸ ಮುಗಿಯಿತೇ? ಇಲ್ಲ. ಸಾಧನದ ಬೆಲೆ ಇಳಿಯಿತೆಂದರೆ ಚಿಕಿತ್ಸೆಯ ಬೆಲೆ ಇಳಿದಂತಲ್ಲ. ನಾನು ಈ ಅಂಕಣ ಬರೆಯಲು ಕೂತದ್ದೇ ಈ ಮಾತಿಗಾಗಿ.

ಕೆ-ಪ್ರೊ ಕೂತ ಕಣ್ಣು ಎಂದರೆ ಗೋಡೆಯಲ್ಲಿ ಕೂರಿಸಿದ ಕಿಟಕಿ. ಗೋಡೆ ಜೀವದ್ದು, ಕಿಟಕಿ ನಿರ್ಜೀವ. ಎರಡರ ನಡುವಿನ ಸಂದು ಎಂದೂ ಪೂರ್ತಿ ಬೆಸೆದುಕೊಳ್ಳುವುದಿಲ್ಲ. ಆ ಸಂದಿನಲ್ಲಿ ಒಂದು ಸೂಕ್ಷ್ಮಾಣು ನುಸುಳಿದರೆ ಕಣ್ಣಿನೊಳಗೆ ಕೀವು ತುಂಬಿ ಒಂದೆರಡು ದಿನದಲ್ಲಿ ಇದ್ದ ನೋಟವೂ ಹೋಗಬಹುದು. ಅದಕ್ಕೇ ಸೂಕ್ಷ್ಮಾಣುನಾಶಕ ಹನಿಗಳನ್ನು ದಿನವೂ ಹಾಕಬೇಕು: ಒಂದು ವಾರವಲ್ಲ, ತಿಂಗಳಲ್ಲ, ಬದುಕಿರುವವರೆಗೆ. ಅದರಲ್ಲಿ ವ್ಯಾಂಕೊಮೈಸಿನ್ ಎಂಬ ಹನಿ ಎಲ್ಲ ಅಂಗಡಿಯಲ್ಲೂ ಸಿಗುವ ಸರಕಲ್ಲ. ಇಂಜೆಕ್ಷನ್ ಪುಡಿಯಿಂದ ಆಸ್ಪತ್ರೆಯ ಔಷಧಾಲಯದಲ್ಲಿ ಮಾಡಿಸಬೇಕು, ಫ್ರಿಜ್ಜಿನಲ್ಲಿ ಇಡಬೇಕು, ಕೆಲವು ವಾರಗಳಲ್ಲಿ ಹೊಸದು ತರಬೇಕು. ಫ್ರಿಜ್ ಇಲ್ಲದ, ಇದ್ದರೂ ಕರೆಂಟಿಲ್ಲದ ಮನೆಯಲ್ಲಿ ಏನು ಮಾಡುವುದು? ಕಾಂಟ್ಯಾಕ್ಟ್ ಲೆನ್ಸ್ ಕೂಡ ಬದುಕಿಡೀ ಇರಬೇಕು, ಆಗಾಗ ಬದಲಾಯಿಸಬೇಕು. ಬಿಸಿಲು, ಬೆವರು, ದೂಳಿನ ನಮ್ಮ ಹವೆಯಲ್ಲಿ ಶಿಲೀಂಧ್ರಕ್ಕೂ ಹೆದರಬೇಕು.

ಇನ್ನು ಗ್ಲಾಕೋಮ. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರವನ್ನು ಸದ್ದಿಲ್ಲದೆ ಕೊಲ್ಲುವ ಈ ಕಾಯಿಲೆ ಕೆ-ಪ್ರೊ ಹಾಕಿಸಿಕೊಂಡವರನ್ನು ಬಹಳ ಕಾಡುತ್ತದೆ. ಸಾಮಾನ್ಯವಾಗಿ ಕಾರ್ನಿಯಾದ ಮೇಲೆ ಉಪಕರಣ ಒತ್ತಿ ಒತ್ತಡ ಅಳೆಯುತ್ತಾರೆ. ಗಟ್ಟಿ ಅಕ್ರಿಲಿಕ್ಕಿನ ಮೇಲೆ ಅದು ನಡೆಯುವುದಿಲ್ಲ. ಇಷ್ಟು ಮುಂದುವರಿದ ಕಾಲದಲ್ಲೂ ವೈದ್ಯರು ರೆಪ್ಪೆಯ ಮೇಲಿಂದ ಎರಡು ತೋರುಬೆರಳಲ್ಲಿ ಕಣ್ಣುಗುಡ್ಡೆಯನ್ನು ಮೆಲ್ಲಗೆ ಅದುಮಿ, ಹಣ್ಣು ಮಾಗಿದೆಯೇ ಎಂದು ನೋಡುವವರಂತೆ, ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಎಂದು ಅಂದಾಜು ಮಾಡಬೇಕು. ಆ ಅಂದಾಜು ಬರುವುದು ನೂರಾರು ಕಣ್ಣು ಮುಟ್ಟಿದ ಬೆರಳಿಗೆ ಮಾತ್ರ. ಅಂಥ ಬೆರಳು ತಾಲ್ಲೂಕು ಆಸ್ಪತ್ರೆಯಲ್ಲಿಲ್ಲ. ರೋಗಿ ಮೂರು ತಿಂಗಳಿಗೊಮ್ಮೆ ಮಹಾನಗರಕ್ಕೆ ಬಸ್ಸು ಹತ್ತಬೇಕು. ಒಬ್ಬರೇ ಹೋಗಲಾಗದವರಿಗೆ ಜೊತೆಗೊಬ್ಬರು ಬೇಕು. ಇಬ್ಬರ ಎರಡು ದಿನದ ಕೂಲಿ ಹೋಯಿತು, ಬಸ್ ಚಾರ್ಜು, ಊಟ, ತಂಗುವ ಜಾಗ. ವರ್ಷಕ್ಕೆ ನಾಲ್ಕು ಸಲ, ಹತ್ತು ವರ್ಷಕ್ಕೆ ನಲವತ್ತು ಸಲ. ಮದುರೈಯವರು ಸಾಧನದ ಬೆಲೆಯಲ್ಲಿ ಉಳಿಸಿಕೊಟ್ಟದ್ದನ್ನು ಈ ಬಸ್ಸು ನುಂಗಿಬಿಡುತ್ತದೆ.

ಶಸ್ತ್ರಚಿಕಿತ್ಸೆ ಗೆದ್ದು ಎರಡನೆಯ ವರ್ಷದಲ್ಲೋ ಮೂರನೆಯ ವರ್ಷದಲ್ಲೋ ಕಣ್ಣು ಕಳೆದುಕೊಳ್ಳುವವರಲ್ಲಿ ಹನಿ ನಿಂತುಹೋದವರು, ಮರುಭೇಟಿಗೆ ಬರಲಾಗದವರು ಇರುತ್ತಾರೆ. ಅದನ್ನು ರೋಗಿಯ ನಿರ್ಲಕ್ಷ್ಯ ಎಂದು ಬರೆದುಬಿಡುವುದು ಸುಲಭ. ಅದು ನಿರ್ಲಕ್ಷ್ಯವಲ್ಲ, ಬಡತನ.

ಆಯುಷ್ಮಾನ್ ಭಾರತ್ ಯೋಜನೆ ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ 15 ದಿನಗಳ ಔಷಧಿಯ ಖರ್ಚನ್ನು ನೋಡಿಕೊಳ್ಳುತ್ತದೆ. ಅಪೆಂಡಿಕ್ಸ್ ತೆಗೆಸಿಕೊಂಡವರಿಗೆ ಅಷ್ಟು ಸಾಕು. ಬದುಕಿಡೀ ಹನಿ ಬೇಕಾದ ಕಣ್ಣಿಗೆ ಹದಿನಾರನೆಯ ದಿನ ಬೆಳಗಾದಾಗ ಯಾರು ಗತಿ?

ಈ ಕಷ್ಟವನ್ನು ಬೇರೆ ದಾರಿಯಿಂದ ದಾಟಲು ನೋಡುತ್ತಿರುವವರೂ ಇದ್ದಾರೆ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ನೀಲ್ ಲಾಗಾಲಿ, ಮೆಹರ್ದಾದ್ ರಫತ್ ಮತ್ತು ಸಂಗಡಿಗರು ಹಂದಿಯ ಚರ್ಮದಿಂದ ಶುದ್ಧಗೊಳಿಸಿ ತೆಗೆದ ಕೊಲಾಜೆನ್ ಎಂಬ ಪ್ರೊಟೀನಿನಿಂದ ಕಾರ್ನಿಯಾದಂಥ ತಿಳಿ ಹಾಳೆ ಮಾಡಿದರು. ಆಹಾರ ಉದ್ಯಮದಲ್ಲಿ ಉಳಿದುಹೋಗುವ ಚರ್ಮ ಅದು, ದುಬಾರಿಯಲ್ಲ. ಹಂದಿ ಎಂದೊಡನೆ ಹಿಂಜರಿಯುವವರಿಗೆ ಒಂದು ಮಾತು: ಕಣ್ಣಿಗೆ ಸೇರುವುದು ಜೀವಕೋಶಗಳನ್ನೆಲ್ಲ ತೊಳೆದ ಪ್ರೊಟೀನು ಮಾತ್ರ. ಹಂದಿಯ ಹೃದಯದ ಕವಾಟಗಳು ದಶಕಗಳಿಂದ ಮನುಷ್ಯರ ಎದೆಯಲ್ಲಿ ಮಿಡಿಯುತ್ತಿವೆ. ಈ ಹಾಳೆಯನ್ನು ಹಾಕಿಸಿಕೊಂಡ 20 ಮಂದಿಯಲ್ಲಿ 12 ಜನ ಇರಾನಿನವರು, 8 ಜನ ನಮ್ಮವರು.

ಅವರೆಲ್ಲರಿಗೂ ಇದ್ದದ್ದು ಕೆರಟೋಕೋನಸ್. ಕಾರ್ನಿಯಾ ತೆಳ್ಳಗಾಗುತ್ತ ಶಂಕುವಿನಂತೆ ಮುಂದಕ್ಕೆ ಚಾಚಿಕೊಳ್ಳುವ ಕಾಯಿಲೆ. ಹರೆಯದಲ್ಲಿ ಶುರುವಾಗುತ್ತದೆ, ಕಣ್ಣು ಉಜ್ಜುವ ಅಭ್ಯಾಸ ಅದನ್ನು ಹೆಚ್ಚಿಸುತ್ತದೆ. ವೈದ್ಯರು ರೋಗಿಯ ಕಾರ್ನಿಯಾವನ್ನು ತೆಗೆಯಲೇ ಇಲ್ಲ. ಅದರ ಪದರಗಳ ನಡುವೆ ಜೇಬಿನಂತೆ ಸಣ್ಣ ಸೀಳು ಮಾಡಿ, ಹಾಳೆಯನ್ನು ತೂರಿಸಿ ದಪ್ಪ ಮಾಡಿದರು. ಹೊಲಿಗೆ ಇಲ್ಲ. ಮಾಮೂಲಿ ಕಸಿಯ ಮೇಲೆ ವರ್ಷಗಟ್ಟಲೆ ಬೇಕಾಗುವ ಹನಿ ಮದ್ದು ಇಲ್ಲಿ 8 ವಾರಕ್ಕೆ ಮುಗಿಯಿತು. ಮೊದಲು ಕುರುಡರೆಂಬ ಲೆಕ್ಕದಲ್ಲಿದ್ದ 14 ಮಂದಿಯೂ ಎರಡು ವರ್ಷದ ಹೊತ್ತಿಗೆ ಆ ಪಟ್ಟಿಯಿಂದ ಹೊರಬಂದಿದ್ದರು. ಭಾರತದ ಮೂವರಿಗೆ ನೆಟ್ಟಗಿನ ಕಣ್ಣಿನಷ್ಟೇ, 20/20 ನೋಟ ಬಂದಿತ್ತು. 2022ರ ಆಗಸ್ಟಿನಲ್ಲಿ ಇದು ಪ್ರಕಟವಾಯಿತು. ದಾನಿಯ ಕಾರ್ನಿಯಾವನ್ನು ಎರಡು ವಾರದೊಳಗೆ ಬಳಸಬೇಕು. ಈ ಹಾಳೆಯನ್ನು ಎರಡು ವರ್ಷದವರೆಗೆ ಕಪಾಟಿನಲ್ಲಿ ಇಡಬಹುದು. ನೇತ್ರ ಬ್ಯಾಂಕೇ ಇಲ್ಲದ ದೇಶಕ್ಕೆ ಇದು ಎಂಥ ವರ ಎಂದು ಯೋಚಿಸಿ.

ಆದರೂ ಇಪ್ಪತ್ತು ಜನ ಇಪ್ಪತ್ತೇ. ಸುಣ್ಣ ಸುಟ್ಟ ಕಣ್ಣಿಗೆ, ರಕ್ತನಾಳ ನುಗ್ಗಿದ ಕಣ್ಣಿಗೆ ಈ ಹಾಳೆ ಉತ್ತರವೆಂದು ಇದರಿಂದ ಸಿದ್ಧವಾಗಿಲ್ಲ. ಹೈದರಾಬಾದಿನ ಸಂಶೋಧಕರು ಮನುಷ್ಯರ ಕಾರ್ನಿಯಾದ ಅಂಶದಿಂದಲೇ 3ಡಿ ಮುದ್ರಣದಲ್ಲಿ ಮಾಡಿದ ಕಾರ್ನಿಯಾವನ್ನು 2022ರಲ್ಲಿ ಮೊಲದ ಕಣ್ಣಿಗೆ ಹಾಕಿ ನೋಡಿದ್ದಾರೆ. ನಮ್ಮ ಬೆಂಗಳೂರಿನ ಪ್ಯಾಂಡೋರಮ್ ಕಂಪನಿ ಕಾರ್ನಿಯಾದ ಗಾಯ ತುಂಬುವ ಜೆಲ್ಲಿನ ಮೇಲೆ ಕೆಲಸ ಮಾಡುತ್ತಿದೆ. ಕಾದು ನೋಡಬೇಕಾದ ಸಂಗತಿಗಳು ಇವು. ಇವತ್ತಿನ ರೋಗಿ ಇವತ್ತಿನ ಚಿಕಿತ್ಸೆಯನ್ನೇ ನಂಬಬೇಕು.

ಇವತ್ತೇ ಕೈಯಲ್ಲಿರುವ, ತೀರ ಅಗ್ಗದ, ಅಚ್ಚ ನಮ್ಮದೇ ಆದ ಚಿಕಿತ್ಸೆ ಒಂದಿದೆ. ಒಂದೇ ಕಣ್ಣು ಸುಟ್ಟು ಇನ್ನೊಂದು ಚೆನ್ನಾಗಿರುವವರಿಗೆ ಎಷ್ಟೋ ಸಲ ಕೃತಕ ಕಾರ್ನಿಯಾ ಬೇಕಾಗುವುದಿಲ್ಲ. ಚೆನ್ನಾಗಿರುವ ಕಣ್ಣಿನ ಅಂಚಿನಿಂದ, ಆ ಕಾಂಡಕೋಶದ ಬೇಲಿಯಿಂದ, 2 ಮಿಲಿಮೀಟರ್ ಅಗಲದ ಚೂರನ್ನು ತೆಗೆದು, ಹಲವು ಸಣ್ಣ ತುಣುಕು ಮಾಡಿ, ಸುಟ್ಟ ಕಣ್ಣಿನ ಮೇಲೆ ಹೆರಿಗೆಯ ಮಾಸಿನ ತೆಳು ಪೊರೆ ಹಾಸಿ ಅದರ ಮೇಲೆ ಬಿತ್ತುತ್ತಾರೆ. ಪೈರು ನಾಟಿ ಮಾಡಿದಂತೆಯೇ. ಕೋಶಗಳು ಹರಡಿ ಹೊಸ ಮೇಲ್ಪದರ ಕಟ್ಟುತ್ತವೆ. ಹಿಂದೆ ಈ ಕೋಶಗಳನ್ನು ದುಬಾರಿ ಪ್ರಯೋಗಾಲಯದಲ್ಲಿ ಬೆಳೆಸಬೇಕಿತ್ತು. ಪ್ರಯೋಗಾಲಯವೇ ಬೇಡ, ಕಣ್ಣೇ ಸಾಕು ಎಂದು 2012ರಲ್ಲಿ ತೋರಿಸಿಕೊಟ್ಟವರು ಎಲ್.ವಿ. ಪ್ರಸಾದ್ ಸಂಸ್ಥೆಯ ವೀರೇಂದರ್ ಸಂಗ್ವಾನ್, ಸಾಯನ್ ಬಸು ಮತ್ತು ಸಂಗಡಿಗರು. ಸ್ಲೆಟ್ ಎಂಬ ಹೆಸರಿನ ಈ ವಿಧಾನವನ್ನು ಈಗ ಹೊರದೇಶದವರೂ ಕಲಿತು ಮಾಡುತ್ತಿದ್ದಾರೆ.

ಕಣ್ಣೀರೇ ಬತ್ತಿಹೋದವರ ಪಾಡು ಇನ್ನೂ ಕಠಿಣ. ಅವರಿಗೆ ಬಿಡಿಗುಂಡಿಯ ಕೆ-ಪ್ರೊ ನಿಲ್ಲುವುದಿಲ್ಲ. ರೋಗಿಯದೇ ಕೋರೆಹಲ್ಲನ್ನು ದವಡೆಯ ಮೂಳೆಯ ಸಮೇತ ತೆಗೆದು, ತೆಳ್ಳಗೆ ತೇದು, ನಡುವೆ ಅಕ್ರಿಲಿಕ್ ಕೊಳವೆ ಕೂರಿಸಿ, ಕೆಲವು ತಿಂಗಳು ಕೆನ್ನೆಯ ಚರ್ಮದ ಕೆಳಗೆ ಹುಗಿದಿಟ್ಟು, ಆಮೇಲೆ ಕಣ್ಣಿಗೆ ಹಾಕುತ್ತಾರೆ. ಇಟಲಿಯ ಸ್ಟ್ರಾಂಪೆಲ್ಲಿ 1960ರ ದಶಕದಲ್ಲಿ ಕಂಡುಹಿಡಿದ ಈ ವಿಧಾನವನ್ನು ಚೆನ್ನೈಯ ಶಂಕರ ನೇತ್ರಾಲಯದಲ್ಲಿ ಎರಡು ದಶಕಗಳಿಂದ ಮಾಡುತ್ತಿದ್ದಾರೆ. ತನ್ನದೇ ಹಲ್ಲು, ತನ್ನದೇ ಮೂಳೆ. ದೇಹ ಅದನ್ನು ಹೊರದೂಡುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೆ, ಕೃತಕ ಕಾರ್ನಿಯಾ ಬಂದಿದೆಯಲ್ಲ, ಇನ್ನು ನೇತ್ರದಾನ ಯಾಕೆ ಎಂದು ಯಾರಾದರೂ ಕೇಳಿದರೆ ಆ ಬಿಡಿಗುಂಡಿಯನ್ನು ನೆನೆಸಿಕೊಳ್ಳಿ. ಬಾಸ್ಟನ್ನಿನದಾಗಲಿ, ಮದುರೈಯದಾಗಲಿ, ಅದನ್ನು ಕಣ್ಣಿಗೆ ಹಿಡಿದು ನಿಲ್ಲಿಸಲು ಕಾರ್ನಿಯಾದ ಬಳೆಯೊಂದು ಬೇಕು. ಸಾಮಾನ್ಯವಾಗಿ ಅದು ಸತ್ತವರೊಬ್ಬರು ಕೊಟ್ಟದ್ದು. ಬೇರೆ ಕಸಿಗೆ ಆಗಿಬರದ ಕಾರ್ನಿಯಾ ಕೂಡ ಈ ಕೆಲಸಕ್ಕೆ ಆಗುವುದುಂಟು. ಮನೆಯಲ್ಲಿ ಸಾವಾದರೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, 6 ಗಂಟೆಯೊಳಗೆ ಕಣ್ಣು ತೆಗೆಯುವಂತೆ ಹತ್ತಿರದ ನೇತ್ರ ಬ್ಯಾಂಕಿಗೆ ಕೂಡಲೇ ತಿಳಿಸಿ. ಸಕ್ಕರೆ ಕಾಯಿಲೆ, ಕನ್ನಡಕ, ಪೊರೆಯ ಶಸ್ತ್ರಚಿಕಿತ್ಸೆ ಯಾವುದೂ ಅಡ್ಡಿಯಲ್ಲ.

ಸರ್ಕಾರಕ್ಕೆ ಕೇಳುವುದು ಒಂದೇ. ಈ ದೇಶ 2004ರಿಂದ ಎಚ್‌ಐವಿ ಇರುವವರಿಗೆ ಬದುಕಿಡೀ ಬೇಕಾದ ಮಾತ್ರೆಗಳನ್ನು ಎಆರ್‌ಟಿ ಕೇಂದ್ರಗಳಲ್ಲಿ ಬಿಟ್ಟಿ ಕೊಡುತ್ತಿದೆ. ಲಕ್ಷಾಂತರ ಜನ ಅದರಿಂದ ಬದುಕಿದ್ದಾರೆ. ಬದುಕಿಡೀ ಮದ್ದು ಕೊಡುವುದು ನಮ್ಮಿಂದಾಗದು ಎಂದು ಆಗ ಯಾರೂ ಕೈಚೆಲ್ಲಲಿಲ್ಲ. ಕೃತಕ ಕಾರ್ನಿಯಾ ಹಾಕಿಸಿಕೊಂಡವರ ಸಂಖ್ಯೆ ಅದರ ಹತ್ತಿರಕ್ಕೂ ಬರುವುದಿಲ್ಲ. ಅವರ ಹನಿ ಮದ್ದು, ಕಾಂಟ್ಯಾಕ್ಟ್ ಲೆನ್ಸು ಜಿಲ್ಲಾ ಆಸ್ಪತ್ರೆಯಲ್ಲಿ ಬಿಟ್ಟಿ ಸಿಗಲಿ. ಪ್ರತಿ ಜಿಲ್ಲೆಯಲ್ಲೂ ಒಬ್ಬ ಕಣ್ಣಿನ ವೈದ್ಯರನ್ನು ಮದುರೈಗೋ ಹೈದರಾಬಾದಿಗೋ ಕಳಿಸಿ ಆ ಕಣ್ಣುಗಳನ್ನು ಮುಟ್ಟಿ ನೋಡಲು ಕಲಿಸಲಿ. ಆಸ್ಪತ್ರೆಗೆ ಬರುವ ದಿನ ರೋಗಿಗೂ ಜೊತೆಯವರಿಗೂ ಬಸ್ ಪಾಸ್ ಕೊಡಲಿ. ಹದಿನೈದು ದಿನದ ಔಷಧಿಯ ಆ ನಿಯಮವನ್ನು ಈ ರೋಗಿಗಳ ಮಟ್ಟಿಗೆ ಇವತ್ತೇ ತಿದ್ದಬೇಕು.